ಹುತಾತ್ಮರ ಕಲ್ಲಿನ ಮೂರು ಗೆರೆ

ನಿಟ್ಟುವಳ್ಳಿ ಆಗಿನ್ನೂ ಹಳ್ಳಿಯೇ. ದಾವಣಗೆರೆಗೂ ಅದಕ್ಕೂ ನಡುವೆ ಜೋಳದ ಹೊಲಗಳಿದ್ದವು; ಗಾಳಿ ಈ ಕಡೆ ಬೀಸಿದಾಗ ಮಾತ್ರ ಮಿಲ್ಲಿನ ಕೂಗು ಕೇಳಿಸುತ್ತಿತ್ತು. ಆ ಊರಿನ ಗೋಣೆಪ್ಪ ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಅವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಮೇಷ್ಟ್ರು ಯಾರಾದರೂ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ಅದರ ಮೇಲೆ ಉಳಿ ಆಡಿಸಿ, ಬರೆದವರಿಗಿಂತ ದುಂಡಗೆ ಮಾಡಿ ಕೊಡುತ್ತಿದ್ದ. ದಾವಣಗೆರೆ, ಹರಿಹರ, ಆ ಕಡೆ ನಂದಿಗುಡಿಯ ತನಕ ಯಾವ ಗುಡಿಗೆ, ಯಾವ ಛತ್ರಕ್ಕೆ ಹೋದರೂ ಬಾಗಿಲ ಪಕ್ಕದಲ್ಲಿ ದಾನಿಗಳ ಹೆಸರಿನ ಕಲ್ಲು ಇರುತ್ತದಲ್ಲ, ಅದರಲ್ಲಿ ಮುಕ್ಕಾಲು ಪಾಲು ಅವನ ಕೈಯವು.

ಆ ಕೆಲಸಕ್ಕೆ ಒಂದು ರಿವಾಜು ಇತ್ತು. ಹತ್ತು ದಾನಿಗಳ ಹೆಸರು ಬಂದರೆ ಹತ್ತೇ ಗೆರೆ ಹಾಕಬಾರದು, ಹದಿಮೂರು ಹಾಕಬೇಕು. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ಕಲ್ಲಿನ ಈ ಅಂಚಿಗೂ ಆ ಅಂಚಿಗೂ ಬಿಗಿ ಹಿಡಿದು ಒಮ್ಮೆ ಮೀಟಿದರೆ ಕೆಂಪು ಗೆರೆ ಬೀಳುತ್ತದೆ. ಅದರ ಮೇಲೆ ಸಣ್ಣ ಉಳಿಯಿಂದ ಕೂದಲೆಳೆಯಷ್ಟು ಕೊರೆದುಬಿಡಬೇಕು, ಮಳೆಗೆ ತೊಳೆದು ಹೋಗದ ಹಾಗೆ. ಕಲ್ಲು ನಿಂತ ಮೇಲೆ ಊರಿನವರು ಬಂದು ನೋಡುತ್ತಾರೆ. ಅವರ ಕಣ್ಣು ತುಂಬಿದ ಗೆರೆಗಳನ್ನು ದಾಟಿ ಖಾಲಿ ಗೆರೆಯ ಮೇಲೆ ಹೋಗಿ ನಿಲ್ಲುತ್ತದೆ. ವರ್ಷ ತುಂಬುವುದರೊಳಗೆ ಒಬ್ಬ ಬಂದು ಗಂಟೆ ಕೊಡಿಸುತ್ತಾನೆ, ಇನ್ನೊಬ್ಬ ದೀಪದ ಕಂಬ ಕೊಡಿಸುತ್ತಾನೆ.

"ಖಾಲಿ ಗೆರೆ ಸುಮ್ನೆ ಕೂಡಲ್ಲ ಮಗಾ," ಎಂದು ಗೋಣೆಪ್ಪನ ಅಪ್ಪ ಕೆಲಸ ಕಲಿಸುವಾಗ ಹೇಳಿದ್ದ. "ಅದು ಹೆಸರು ಕರಕಂಡು ಬರ್ತೈತೆ."

ಮೂವತ್ತು ವರ್ಷ ಉಳಿ ಹಿಡಿದರೂ ತಾನು ಹಾಕಿದ ಒಂದು ಗೆರೆಯಾದರೂ ಖಾಲಿ ಉಳಿದದ್ದು ಗೋಣೆಪ್ಪನಿಗೆ ನೆನಪಿರಲಿಲ್ಲ.

ಚೀನಾದವರ ಯುದ್ಧ ಮುಗಿದ ಮರುವರ್ಷ ದಾವಣಗೆರೆಯ ಒಂದು ಕ್ಲಬ್ಬಿನ ಸೆಕ್ರೆಟರಿ ವಾಮದೇವಪ್ಪನವರು ಗೋಣೆಪ್ಪನಿಗೆ ಹೇಳಿ ಕಳಿಸಿದರು. ಅವರು ಹತ್ತಿ ವ್ಯಾಪಾರದ ಸಾಹುಕಾರರು, ದೊಡ್ಡ ಮನಸ್ಸಿನವರು, ಮಾತು ಮಾತ್ರ ಸ್ವಲ್ಪ ಜೋರು. ಯುದ್ಧದಲ್ಲಿ ಈ ಸುತ್ತಿನ ಐದು ಜನ ಹುಡುಗರು ಹಿಮದಲ್ಲಿ ಸತ್ತಿದ್ದರು. ಅವರ ಹೆಸರಿನಲ್ಲಿ ಕ್ಲಬ್ಬಿನ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಕಮಿಟಿ ಠರಾವು ಮಾಡಿತ್ತು. ಎಂಥ ಕಲ್ಲು ಎಂದು ತೋರಿಸಲು ಸಾಹುಕಾರರು ಗೋಣೆಪ್ಪನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹರಿಹರದ ಒಂದು ಹಳೇ ಚರ್ಚಿಗೆ ಕರೆದೊಯ್ದರು.

ಒಳಗೆ ತಂಪಿತ್ತು. ಗೋಡೆಯ ಮೇಲೆ ಬಿಳಿ ಹಾಲುಗಲ್ಲಿನ ಹಲಗೆ, ಅದರ ಮೇಲೆ ಆರು ಸಾಲು ಇಂಗ್ಲಿಷ್ ಅಕ್ಷರ.

"ಇವ್ರೆಲ್ಲ ಯಾರ್ರೀ ಸಾವ್ಕಾರ್ರೇ?"

"ನಮ್ಮಪ್ಪನ ಕಾಲದ ದೊಡ್ಡ ಯುದ್ಧಕ್ಕೆ ಹೋಗಿ ಸತ್ತೋರು. ಇದೇ ನಮೂನಿ ಆಗ್ಬೇಕು ನೋಡು. ಆದ್ರೆ ಕನ್ನಡದಾಗೆ."

ಗೋಣೆಪ್ಪ ಕಲ್ಲಿನ ಮೇಲೆ ಕೈಯಾಡಿಸಿದ. ಕೆಲಸ ಚೆನ್ನಾಗಿತ್ತು. ಆದರೆ ಆರನೆಯ ಹೆಸರಿನ ಕೆಳಗೆ ಬೆರಳು ತೂರುವಷ್ಟೂ ಜಾಗ ಬಿಡದೆ ಒಂದು ಎಲೆಬಳ್ಳಿ ಕೆತ್ತಿ ಮುಚ್ಚಿಬಿಟ್ಟಿದ್ದರು. ವಾಪಸು ಬರುವಾಗ ಅವನು ಕಾರಿನಲ್ಲೇ ನಕ್ಕ.

"ಜಿಪುಣ ಕೆಲಸ ಬಿಡ್ರಿ. ನಾಳೆ ಇನ್ನೊಂದು ಹೆಸರು ಬಂದ್ರೆ ಎಲ್ಲಿ ಹಾಕ್ತಾರೆ?"

"ನೀ ಹಂಗೆ ಮಾಡ್ಬ್ಯಾಡ ಮತ್ತೆ," ಎಂದು ಸಾಹುಕಾರರೂ ನಕ್ಕರು.

ಅವನು ಹಾಗೆ ಮಾಡಲಿಲ್ಲ. ಕರಿಕಲ್ಲನ್ನು ಕನ್ನಡಿಯ ಹಾಗೆ ನುಣುಪು ಮಾಡಿ, ದಾರ ಹಿಡಿದು ಗೆರೆ ಹಾಕುತ್ತಾ ಹೋದ. ಕೈಗೆ ಅಭ್ಯಾಸವಾದ ಕೆಲಸ, ತಲೆಯನ್ನು ಕೇಳುವುದಿಲ್ಲ. ಐದು ಹೆಸರಿಗೆ ಎಂಟು ಗೆರೆ ಬಿತ್ತು.

ಆಗಸ್ಟ್ ಹದಿನೈದಕ್ಕೆ ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ಹೈಸ್ಕೂಲಿನ ಮಕ್ಕಳು ಹಾಡು ಹೇಳಿದರು, ಭಾಷಣ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತ ಐವರಲ್ಲಿ ಒಬ್ಬನ ತಾಯಿ ಕಲ್ಲಿನ ಹತ್ತಿರ ಹೋಗಿ ಮಗನ ಹೆಸರು ಯಾವುದೆಂದು ಕೇಳಿ ತಿಳಿದು ಮುಟ್ಟಿದಳು. ಆಮೇಲೆ ಕೈ ಕೆಳಗೆ ಇಳಿಸಿ, ಸುಮ್ಮನೆ ಕೇಳುವವಳ ಹಾಗೆ ಕೇಳಿದಳು:

"ಕೆಳಗಿನ ಮೂರು ಯಾರ್ಗಪ್ಪಾ?"

ಬೇಲಿಯ ಹತ್ತಿರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ ಗೋಣೆಪ್ಪ ತಾನು ಹಾಕಿದ ಮೂರು ಖಾಲಿ ಗೆರೆಗಳನ್ನು ಅವತ್ತೇ ಮೊದಲ ಸಲ ನೋಡಿದವನ ಹಾಗೆ ನೋಡಿದ. ಇದು ಗುಡಿಯ ಕಲ್ಲಲ್ಲ, ಗಂಟೆ ಕೊಡಿಸುವವರ ಪಟ್ಟಿಯಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಅವನ ಒಬ್ಬನೇ ಮಗ ಬಕ್ಕೇಶ ಆಗಲೇ ಮಿಲಿಟರಿಯಲ್ಲಿದ್ದ. ಆ ವರ್ಷದ ಬೇಸಿಗೆಯಲ್ಲಿ ಭರ್ತಿಯವರು ದಾವಣಗೆರೆಗೆ ಬಂದಾಗ ಅವನೂ ಪಕ್ಕದ ಮನೆಯ ಉಚ್ಚಂಗೆಪ್ಪನೂ ಒಂದೇ ದಿನ ಹೆಸರು ಬರೆಸಿದ್ದರು. ಬಕ್ಕೇಶನಿಗೆ ಕಲ್ಲು ಒಡೆದು ಗೊತ್ತಿದ್ದರಿಂದ ಸೇತುವೆ ಕಟ್ಟುವ, ದಾರಿ ಬಿಡಿಸುವ ದಳಕ್ಕೆ ಹಾಕಿದರು. ಉಚ್ಚಂಗೆಪ್ಪ ಬಂದೂಕು ಹಿಡಿದ. ಉಚ್ಚಂಗೆಪ್ಪನ ತಾಯಿ ಮಾರೆಮ್ಮ ಗಂಡ ಸತ್ತ ಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿ ಮಾಡಿ ಮಗನನ್ನು ಸಾಕಿದವಳು. ಗೋಣೆಪ್ಪನ ಹೆಂಡತಿ ತೀರಿಕೊಂಡಾಗಿನಿಂದ ಎರಡೂ ಮನೆಗೆ ಒಂದೇ ಒಲೆ ಎನ್ನುವ ಹಾಗಿತ್ತು. ಅವಳು ರೊಟ್ಟಿ ಬಡಿದರೆ ಅವನಿಗೂ ಎರಡು ಬರುತ್ತಿತ್ತು. ಅವನು ಸಂತೆಗೆ ಹೋದರೆ ಅವಳ ಮನೆಗೂ ಬದನೆಕಾಯಿ ಬರುತ್ತಿತ್ತು.

ಮರುವರ್ಷ ಶಿವರಾತ್ರಿ ಇನ್ನೂ ಎಂಟು ದಿನ ಇರುವಾಗ ಮೊದಲ ಖಾಲಿ ಗೆರೆ ತುಂಬಿತು. ಯುದ್ಧ ಇರಲಿಲ್ಲ, ಏನೂ ಇರಲಿಲ್ಲ. ಕ್ಲಬ್ಬಿನ ಮೆಂಬರು ಕೊಟ್ಟೂರಪ್ಪನವರ ಮಗ ಕರಿಬಸವರಾಜ ಮಿಲಿಟರಿಯಲ್ಲಿ ಆಫೀಸರ್ ಆಗಿದ್ದ. ಎಲ್ಲೋ ಬೆಟ್ಟದ ದಾರಿಯಲ್ಲಿ ಅವನ ಜೀಪು ಕಂದಕಕ್ಕೆ ಉರುಳಿತು. ಗೋಣೆಪ್ಪ ಹೋಗಿ ಹೆಸರು ಕೆತ್ತಿದ. ಮುಗಿಯುವ ತನಕ ಕೊಟ್ಟೂರಪ್ಪನವರು ಕುರ್ಚಿ ಹಾಕಿಕೊಂಡು ಹಿಂದೆ ಕೂತಿದ್ದರು. ಕೊನೆಗೆ ಎದ್ದು ಬಂದು ಅಕ್ಷರ ನೋಡಲಿಲ್ಲ, ಅಕ್ಷರಗಳು ಕೂತಿದ್ದ ಗೆರೆಯನ್ನು ಬೆರಳಿನಿಂದ ತಡವಿದರು.

"ಇದು ನೀನು ಮೊದ್ಲೇ ಹಾಕಿದ್ದಲ್ಲ?"

"ಹೌದ್ರಿ ಬುದ್ಧಿ."

"ನಮ್ ಹುಡುಗ ಆಗ ರಜಾಕ್ಕೆ ಬಂದಿದ್ದ. ಅವತ್ತು ಇಲ್ಲೇ ನಿಂತು ಚಪ್ಪಾಳಿ ತಟ್ಟಿದ."

ಅಷ್ಟೇ ಹೇಳಿದ್ದು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಗೋಣೆಪ್ಪನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಮಾತು ಪೇಟೆಯಲ್ಲೆಲ್ಲ ಹರಡಿತು. ಕ್ಲಬ್ಬಿನ ಕಲ್ಲು ಹೆಸರು ಕೇಳುತ್ತದಂತೆ ಎಂದು ಜಿನ್ನಿನ ಹೆಂಗಸರು ಹತ್ತಿ ಬಿಡಿಸುತ್ತಾ ಆಡಿಕೊಂಡರು. ಕ್ಲಬ್ಬಿನ ಕಾವಲುಗಾರ ನಬೀ ಸಾಬ್ ಒಂದು ಆಡು ಸಾಕಿದ್ದ. ಅದು ಅಂಗಳದ ಹುಲ್ಲೆಲ್ಲ ಮೇಯ್ದರೂ ಕಲ್ಲಿನ ಬುಡದ ಹುಲ್ಲಿಗೆ ಬಾಯಿ ಹಾಕುವುದಿಲ್ಲ ಎಂದು ಅವನು ಹೇಳಿಕೊಂಡು ತಿರುಗಿದ. ಆ ಆಡು ಅಲ್ಲಿಯೂ ಮೇಯುವುದನ್ನು ಗೋಣೆಪ್ಪ ಕಣ್ಣಾರೆ ಕಂಡಿದ್ದ. ಆದರೂ ನಬೀ ಸಾಬ್‌ನ ಮಾತನ್ನು ಅಲ್ಲಗಳೆಯಲು ಅವನಿಗೆ ಬಾಯಿ ಬರಲಿಲ್ಲ.

ಒಂದು ಸಂಜೆ ಮಾರೆಮ್ಮ ಜಿನ್ನಿನಿಂದ ನೆಟ್ಟಗೆ ಅವನ ಜಗಲಿಗೆ ಬಂದಳು. ತಲೆಯ ಮೇಲೆ ಹತ್ತಿಯ ಎಳೆ ಹಾಗೇ ಅಂಟಿತ್ತು.

"ಗೋಣೆಣ್ಣ, ಆ ಕಲ್ಲು ನೀನೇ ಮಾಡಿದ್ದಂತೆ?"

"ಯಾವ್ದು?"

"ಯಾವ್ದು ಅಂತ ಕೇಳ್ತಾನೆ ನೋಡು! ಕ್ಲಬ್ಬಿಂದು. ಇನ್ನೂ ಎರಡು ಗೆರೆ ಖಾಲಿ ಅದಾವಂತೆ. ಯಾರ್ಗೆ ಅವು? ನಿನ್ ಮಗಗೊಂದು, ನನ್ ಮಗಗೊಂದಾ?"

"ಹುಚ್ಚಿ ಇದ್ದೀ ನೀನು. ಗೆರೆಗೇನು ಬಾಯಿ ಐತಾ?"

"ಬಾಯಿ ಇಲ್ದಿದ್ರೆ ಗುಡಿ ಕಲ್ಲಿನ ಮ್ಯಾಲೆ ಯಾಕ ಬಿಡ್ತೀಯ? ಖಾಲಿ ಗೆರೆ ಇದ್ರೆ ದಾನಿಗಳು ತಾವೇ ಬರ್ತಾರೆ ಅಂತ ಇದೇ ಜಗಲಿ ಮ್ಯಾಲೆ ಕೂತು ಎಷ್ಟು ಸಲ ಹೇಳಿಲ್ಲ ನೀನು?"

ಗೋಣೆಪ್ಪ ಉಳಿ ಮಸೆಯುತ್ತಿದ್ದವನು ಮಸೆಯುತ್ತಲೇ ಇದ್ದ.

"ಅಳಸಿಬಿಡಣ್ಣ ಅವನ್ನ. ನಿನ್ ಕೈಲೆ ಹಾಕಿದ್ದು, ನಿನ್ ಕೈಲೇ ಹೋಗ್ಲಿ."

ಕಲ್ಲಿನ ಮೇಲೆ ಕೊರೆದದ್ದನ್ನು ಅಳಿಸುವುದೆಂದರೆ ಮುಖವನ್ನೇ ಒಂದು ಪದರ ತೆಗೆಯಬೇಕು. ಆರು ಹೆಸರೂ ಅದರ ಜೊತೆ ಹೋಗುತ್ತವೆ. ಆದರೆ ಗೆರೆ ಖಾಲಿ ಇರದ ಹಾಗೆ ಮಾಡಬಹುದು. ಹರಿಹರದ ಆ ಹಾಲುಗಲ್ಲಿನ ಎಲೆಬಳ್ಳಿ ಅವನ ಕಣ್ಣ ಮುಂದೆ ಬಂತು. ಅದನ್ನು ಕೆತ್ತಿದವನು ಜಿಪುಣನಲ್ಲ ಎಂಬುದು ಈಗ ಅವನಿಗೆ ಅರ್ಥವಾಯಿತು.

ಅವನು ವಾಮದೇವಪ್ಪನವರ ಅಂಗಡಿಗೆ ಹೋಗಿ ಕೈಕಟ್ಟಿ ನಿಂತು ಕೇಳಿದ. ಕೂಲಿ ಬ್ಯಾಡ, ಎರಡು ಬಳ್ಳಿ ಕೆತ್ತಿಕೊಡ್ತೀನಿ, ನೋಡೋಕೂ ಚೆಂದ ಆಗ್ತದೆ ಎಂದ.

"ನಿನಗ್ಯಾರು ಇದನ್ನ ತಲೀಗೆ ತುಂಬಿದೋರು?" ಎಂದರು ಸಾಹುಕಾರರು. "ಗಡಿಯಾಗೆ ಏನೇನ್ ನಡದೈತೆ ಅಂತ ನಾನು ದಿನಾ ಪೇಪರ್‌ನಾಗೆ ಓದ್ತೀನಿ. ಎರಡು ಗೆರೆ ಸಾಲ್ತಾವೋ ಇಲ್ವೋ ಅಂತ ನನಗೆ ಚಿಂತಿ. ನೀ ಮುಚ್ಚತೀನಿ ಅಂತೀಯ! ನಾಳೆ ಒಬ್ಬ ತಾಯಿ ಬಂದು ನನ್ ಮಗನ ಹೆಸರು ಯಾಕ ಇಲ್ಲ ಅಂದ್ರೆ ಏನ್ ಹೇಳ್ಲಿ, ಬಳ್ಳಿ ಬೆಳದೈತೆ ಅನ್ಲಾ?"

ಅವರು ಹೇಳಿದ್ದೂ ನ್ಯಾಯವೇ. ಗೋಣೆಪ್ಪ ಹಿಂದಿರುಗಿದ.

ಹಾಗೇ ಒಂದೂವರೆ ವರ್ಷ ಕಳೆಯಿತು. ಹುಡುಗರಿಬ್ಬರೂ ಒಮ್ಮೆ ರಜೆಯಲ್ಲಿ ಬಂದು ಹೋದರು. ಮಾರೆಮ್ಮ ಅವರನ್ನು ಕ್ಲಬ್ಬಿನ ಬೀದಿಯಲ್ಲಿ ಓಡಾಡಲು ಬಿಡಲಿಲ್ಲ. ಸಿನಿಮಾಕ್ಕೆ ಹೋಗಲು ಅದೇ ಹತ್ತಿರದ ದಾರಿ, ಆದರೂ ಸುತ್ತು ಹಾಕಿಸಿದಳು. "ನಮ್ಮವ್ವಗೆ ಪಾಕಿಸ್ತಾನಕ್ಕಿಂತ ಕ್ಲಬ್ಬಿನ ಕಲ್ಲೇ ದೊಡ್ಡ ದುಷ್ಮನ್," ಎಂದು ಉಚ್ಚಂಗೆಪ್ಪ ನಗುತ್ತಿದ್ದ. ಬಕ್ಕೇಶನೂ ನಗುತ್ತಿದ್ದ. ಗೋಣೆಪ್ಪ ನಗಲು ನೋಡಿದ, ಆಗಲಿಲ್ಲ.

ಅರವತ್ತೈದನೆಯ ಇಸವಿ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಹೋಟೆಲಿನ ರೇಡಿಯೋ ಮುಂದೆ ಜನ ಬೀದಿಯ ತುಂಬ ನಿಂತರು. ಹುಡುಗರ ಕಾಗದ ಬರುವುದು ನಿಂತಿತು. ಮಾರೆಮ್ಮ ಊಟ ಬಿಟ್ಟಳು. ಜಿನ್ನಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ದುಗ್ಗಮ್ಮನ ಗುಡಿಯ ಮುಂದೆ ಹೋಗಿ ಕೂರುತ್ತಿದ್ದಳು. ಬಾಯಿಗೆ ನೀರು ಬಿಟ್ಟು ಬೇರೇನೂ ಹೋಗುತ್ತಿರಲಿಲ್ಲ. ಮೂರು ದಿನ ನೋಡಿದ ಗೋಣೆಪ್ಪ ನಾಲ್ಕನೆಯ ದಿನ ಚೀಲಕ್ಕೆ ಉಳಿ, ಸುತ್ತಿಗೆ ಹಾಕಿಕೊಂಡ.

"ಎಲ್ಲಿಗಣ್ಣ?"

"ಕೇಳ್ಬ್ಯಾಡ. ಸಂಜೀಕೆ ಬಂದು ಹೇಳ್ತೀನಿ."

ಮಧ್ಯಾಹ್ನ ಕ್ಲಬ್ಬಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಅಂಗಡಿಗಳಲ್ಲಿ. ನಬೀ ಸಾಬ್ ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದ. ಚೀಲ ನೋಡಿದ, ಗೋಣೆಪ್ಪನ ಮುಖ ನೋಡಿದ.

"ಸೆಕ್ರೆಟರಿ ಸಾಹೇಬ್ರ ಹುಕುಂ ಐತಾ?"

"ಇಲ್ಲ."

"ಅರೇ, ಹಂಗಾರೆ ನಾನು ನಿನ್ನ ನೋಡಿಲ್ಲ. ಜಲ್ದಿ ಮುಗಿಸು."

ಬಿಸಿಲಿಗೆ ಕಲ್ಲು ಕಾದಿತ್ತು. ಗೋಣೆಪ್ಪ ಮೇಲಿನ ಖಾಲಿ ಗೆರೆಯಿಂದ ಶುರುಮಾಡಿದ. ಮೇಲಿನಿಂದ ಕೆಳಕ್ಕೆ ಬರುವುದೇ ಕೆಲಸದ ಕ್ರಮ, ಇಲ್ಲದಿದ್ದರೆ ಮೇಲಿನ ಪುಡಿ ಕೆಳಗಿನ ಹಸೀ ಕೆತ್ತನೆಯಲ್ಲಿ ಕೂರುತ್ತದೆ. ಎಲೆ, ಹಂಬು, ಎಲೆ. ಅಷ್ಟು ಬೇಗ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಎಡ ಅಂಚಿನಿಂದ ಬಲ ಅಂಚಿಗೆ ಬಳ್ಳಿ ಮುಟ್ಟಿತು. ಅವನು ಊದಿ ಪುಡಿ ಹಾರಿಸಿ, ಮಂಡಿಯೂರಿ ಕೊನೆಯ ಗೆರೆಯ ಮೇಲೆ ಉಳಿ ಇಟ್ಟ.

"ಏಯ್! ಯಾರ್ನ ಕೇಳಿ ಉಳಿ ಹಾಕ್ದೆ?"

ವಾಮದೇವಪ್ಪನವರು. ಯುದ್ಧದ ಸುದ್ದಿ ಕೇಳಲು ಆ ವಾರ ಅವರು ಮಧ್ಯಾಹ್ನವೂ ಕ್ಲಬ್ಬಿಗೆ ಬರುತ್ತಿದ್ದರು. ಅದು ಗೋಣೆಪ್ಪನಿಗೆ ಗೊತ್ತಿರಲಿಲ್ಲ.

"ಇದೊಂದು ಬಿಡ್ರಿ ಸಾವ್ಕಾರ್ರೇ. ನಿಮ್ ಕಾಲಿಗೆ ಬೀಳ್ತೀನಿ. ಇದೊಂದೇ ಉಳದೈತೆ."

"ಹುತಾತ್ಮರ ಕಲ್ಲನ್ನ ಮದುವೆ ಮನಿ ಬಾಗ್ಲು ಮಾಡಿದ್ಯಲ್ಲೋ! ನಿನ್ ಮಗನ ಜೀವದ ಆಸೆಗೆ ಊರಿನ ಕಲ್ಲು ಕೆಡಿಸ್ತೀಯಾ?"

"ನನ್ ಮಗಂದೊಂದೇ ಅಲ್ರಿ. ಮಾರೆಮ್ಮನ ಮಗಂದೂ."

"ನಬೀ! ಆ ಚೀಲ ತಗಂಡು ಒಳಗಿಡು. ಇನ್ನೊಂದ್ಸಲ ಇವನನ್ನ ಗೇಟಿನೊಳಗೆ ಬಿಟ್ರೆ ನೀನೂ ಹೊರಗೆ, ನಿನ್ ಆಡೂ ಹೊರಗೆ."

ಉಳಿ ಸುತ್ತಿಗೆ ಒಳಗೆ ಹೋದವು. ಗೋಣೆಪ್ಪ ಬರಿಗೈಯಲ್ಲಿ ನಿಟ್ಟುವಳ್ಳಿಯ ದಾರಿ ಹಿಡಿದ. ಹೊಲದ ನಡುವೆ ಬರುವಾಗ ಅವನ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು. ಮೊದಲು ಎರಡು ಗೆರೆ, ಇಬ್ಬರು ಹುಡುಗರು. ಈಗ ಒಂದು ಗೆರೆ, ಇಬ್ಬರು ಹುಡುಗರು.

ಮಾರೆಮ್ಮ ಅವನ ಜಗಲಿಯ ಮೇಲೇ ಕೂತಿದ್ದಳು. ಅವನ ಅಂಗಿಯ ಮೇಲಿನ ಕಲ್ಲಿನ ಪುಡಿ ಕಂಡು ಎದ್ದು ನಿಂತಳು.

"ತುಂಬ್ಸಿದ್ಯಾ?"

"ಹ್ಞೂಂ."

"ಎರಡೂ?"

ನಾಲ್ಕು ದಿನದಿಂದ ಅನ್ನ ಕಾಣದ ಮುಖ. ಕಣ್ಣು ಗುಳಿ ಬಿದ್ದಿದ್ದವು. ಅವಳೇನು ಕ್ಲಬ್ಬಿನೊಳಗೆ ಹೋಗಿ ನೋಡುತ್ತಾಳೆಯೇ, ಸಮಾರಂಭದ ದಿನ ಬಿಟ್ಟರೆ ಅಲ್ಲಿಗೆ ಹೆಂಗಸರು ಹೋಗುವುದಿಲ್ಲ.

"ಎರಡೂ," ಎಂದ ಗೋಣೆಪ್ಪ.

ಅವಳು ಅಲ್ಲೇ ಕೂತು ಅತ್ತಳು. ಆಮೇಲೆ ಒಲೆ ಹಚ್ಚಿ, ಮುದ್ದೆ ಮಾಡಿ, ಅವನಿಗೂ ಬಡಿಸಿ ತಾನೂ ಉಂಡಳು. ಮಾರನೆಯ ದಿನದಿಂದ ಅವಳು ದುಗ್ಗಮ್ಮನ ಗುಡಿಯ ಮುಂದೆ ಹೋಗಿ ಕೂರಲಿಲ್ಲ. ಜಿನ್ನಿನ ಹೆಂಗಸರ ಜೊತೆ ಹಾಡು ಹೇಳಿಕೊಂಡು ಬರುತ್ತಿದ್ದಳು. ಮಗ ಬಂದ ಮೇಲೆ ಹೊನ್ನಾಳಿ ಕಡೆಯ ಹೆಣ್ಣು ನೋಡಬೇಕೆಂದು ಮಾತು ತೆಗೆದಳು.

"ನೀನೂ ಬಕ್ಕೇಶಗೆ ನೋಡಣ್ಣ. ಇಬ್ರದೂ ಒಂದೇ ಚಪ್ಪರದಾಗೆ ಮಾಡಾಣ."

ಗೋಣೆಪ್ಪ ಹ್ಞೂಂ ಎನ್ನುತ್ತಿದ್ದ. ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ. ಅವಳು ಜಿನ್ನಿಗೆ ಹೋದ ಮೇಲೆ ಹೋಗಿ ದುಗ್ಗಮ್ಮನ ಗುಡಿಯ ಮುಂದೆ ತಾನು ಕೂರುತ್ತಿದ್ದ. ಮೊದಲ ದಿನ ಇಬ್ಬರನ್ನೂ ಕಾಪಾಡು ಎಂದು ಬೇಡಿಕೊಂಡ. ಎರಡನೆಯ ದಿನವೂ ಇಬ್ಬರನ್ನೂ ಎಂದ. ಮೂರನೆಯ ದಿನ ಬಾಯಿ ಇಬ್ಬರನ್ನೂ ಎಂದರೂ ಒಳಗೆ ಒಂದೇ ಮುಖ ಇತ್ತು.

ಅವರ ಓಣಿಗೆ ಟಪಾಲು ತರುತ್ತಿದ್ದವನು ಚಾಂದ್ ಪಾಷಾ. ಸೈಕಲ್ಲಿನ ಗಂಟೆ ಓಣಿಯ ಬಾಯಲ್ಲಿ ಕೇಳಿದರೆ ಸಾಕು, ಗೋಣೆಪ್ಪ ಜಗಲಿಗೆ ಬಂದು ನಿಲ್ಲುತ್ತಿದ್ದ. ಓಣಿಯಲ್ಲಿ ಮೊದಲು ಸಿಗುವುದು ಮಾರೆಮ್ಮನ ಮನೆ, ಆಮೇಲೆ ತನ್ನದು. ಅಲ್ಲೇ ನಿಲ್ಲು, ಅಲ್ಲೇ ನಿಲ್ಲು, ಈ ಕಡೆ ಬರಬ್ಯಾಡ ಎಂದು ತನ್ನ ಮನಸ್ಸು ಹೇಳುವುದನ್ನು ಅವನು ಒಂದು ದಿನ ತಾನೇ ಕೇಳಿಸಿಕೊಂಡ. ಕೈಯಲ್ಲಿ ಅವಳು ಕೊಟ್ಟ ರೊಟ್ಟಿ ಇತ್ತು.

ಯುದ್ಧ ನಿಂತಿತು ಎಂದು ರೇಡಿಯೋದಲ್ಲಿ ಬಂದ ದಿನ ಮಾರೆಮ್ಮ ಒಂದು ಮೊರ ಮಂಡಕ್ಕಿಗೆ ಬೆಲ್ಲ ಕಲಸಿ ಓಣಿಗೆಲ್ಲ ಹಂಚಿದಳು.

ಅದಾದ ಆರನೆಯ ದಿನ ಚಾಂದ್ ಪಾಷಾನ ಸೈಕಲ್ ಗಂಟೆ ಬಾರಿಸದೆ ಓಣಿಯೊಳಗೆ ಬಂತು. ಮಾರೆಮ್ಮನ ಮನೆ ದಾಟಿತು. ನೆಟ್ಟಗೆ ಗೋಣೆಪ್ಪನ ಜಗಲಿಯ ಮುಂದೆ ಬಂದು ನಿಂತಿತು. ಚಾಂದ್ ಪಾಷಾನ ಕೈಯಲ್ಲಿ ತಂತಿಯ ಕಾಗದ. ಗೋಣೆಪ್ಪನಿಗೆ ಬೀದಿ, ಸೈಕಲ್ಲು, ಬಿಸಿಲು ಎಲ್ಲ ದೂರ ಸರಿದ ಹಾಗಾಯಿತು.

"ಗೋಣೆಪ್ಪಣ್ಣ," ಎಂದ ಚಾಂದ್ ಪಾಷಾ. "ಇದು ಮಾರೆಮ್ಮಂದು. ಉಚ್ಚಂಗೆಪ್ಪ ಹೋದ. ಆ ತಾಯಿಗೆ ನಾನೊಬ್ನೇ ಹೆಂಗೆ ಹೇಳ್ಲಿ? ನೀ ಜೊತಿಗೆ ಬಾ."

"ಶಿವನೇ, ನೀ ದೊಡ್ಡವನು," ಎಂದ ಗೋಣೆಪ್ಪ.

ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಚಾಂದ್ ಪಾಷಾ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಮುಖ ತಿರುಗಿಸಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ.

ಆ ದಿನದ ಮಾತು ಹೆಚ್ಚು ಬೇಡ. ದೇಹ ಬರಲಿಲ್ಲ, ಅಲ್ಲೇ ಸುಟ್ಟರಂತೆ. ತಿಥಿ ಮುಗಿದ ಮೇಲೆ ವಾಮದೇವಪ್ಪನವರು ಉಳಿಯ ಚೀಲವನ್ನು ನಬೀ ಸಾಬ್‌ನ ಕೈಯಲ್ಲಿ ನಿಟ್ಟುವಳ್ಳಿಗೆ ಕಳಿಸಿಕೊಟ್ಟರು. ಉಚ್ಚಂಗೆಪ್ಪನ ಹೆಸರು ಹಾಕಬೇಕು, ಈ ವಾರವೇ ಆಗಬೇಕು ಎಂದು ಹೇಳಿ ಕಳಿಸಿದ್ದರು. ಚೀಲ ಕಂಡು ಮಾರೆಮ್ಮ ಹೊಸಿಲಿಂದ ಎದ್ದಳು.

"ಎಲ್ಲಿ ಹಾಕ್ತಾರೆ ಹೆಸರು? ಜಾಗ ಎಲ್ಲೈತೆ?" ಎಂದು ನಬೀ ಸಾಬ್‌ನನ್ನು ಕೇಳಿದಳು.

ನಬೀ ಸಾಬ್ ಗೋಣೆಪ್ಪನ ಕಡೆ ನೋಡಿದ. ಗೋಣೆಪ್ಪ ನೆಲ ನೋಡಿದ.

"ನಾನೂ ಬರ್ತೀನಿ," ಎಂದಳು ಮಾರೆಮ್ಮ.

ಕ್ಲಬ್ಬಿನ ವರಾಂಡದಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ಕೈದು ಜನ ಹೆಂಗಸೊಬ್ಬಳು ಗೇಟು ದಾಟಿ ಬಂದದ್ದು ಕಂಡು ಎದ್ದು ನಿಂತರು. ಯಾರೂ ತಡೆಯಲಿಲ್ಲ. ಅವಳು ಕಲ್ಲಿನ ಮುಂದೆ ನಿಂತಳು. ಓದು ಬಾರದವಳಿಗೂ ಕಾಣುವಂಥದು ಅದು. ಆರು ಸಾಲು ಹೆಸರು, ಒಂದು ಸಾಲು ಎಲೆಬಳ್ಳಿ, ಅದರ ಕೆಳಗೆ ಒಂದು ಖಾಲಿ ಗೆರೆ.

"ಎರಡೂ ಅಂದಿದ್ದೆ."

"ಸಾವ್ಕಾರ್ರು ಬಂದುಬಿಟ್ರು ತಂಗಿ. ಉಳಿ ಕಿತ್ಕಂಡ್ರು. ಹೇಳಿದ್ರೆ ನೀ ಊಟ ಬಿಟ್ಟು ಸಾಯ್ತಿದ್ದೆ ಅಂತ…"

"ಬಿಡ್ತಿದ್ದೆ. ಬಿಟ್ಟು ದುಗ್ಗಮ್ಮನ ಮುಂದೆ ಕೂಡ್ತಿದ್ದೆ. ಹಗ್ಲೂ ರಾತ್ರಿ ಕೂಡ್ತಿದ್ದೆ." ಅವಳು ದನಿ ಏರಿಸಲಿಲ್ಲ. "ಅಷ್ಟು ದಿನ ನಾನು ಹಾಡು ಹೇಳ್ಕಂಡು ತಿರುಗಿದೆ ಗೋಣೆಣ್ಣ. ಹೆಣ್ಣು ನೋಡಾಣ ಅಂದೆ. ಮಂಡಕ್ಕಿ ಹಂಚಿದೆ. ದೇವಿ ಮುಂದೆ ನೀನೊಬ್ನೇ ಇದ್ಯಂತೆ."

ಗೋಣೆಪ್ಪ ಚೀಲದ ಬಾಯಿ ಬಿಚ್ಚಿ ಉಳಿ ಹೊರಗೆ ತೆಗೆದ.

"ಕೆತ್ತು," ಎಂದು ಅವಳು ಹುಲ್ಲಿನ ಮೇಲೆ ಕೂತಳು.

ಮೇಷ್ಟ್ರು ಬಂದು ಬರೆದುಕೊಟ್ಟ ಸೀಮೆಸುಣ್ಣದ ಅಕ್ಷರಗಳ ಮೇಲೆ ಅವನು ಉಳಿ ಇಟ್ಟ. ಮಧ್ಯಾಹ್ನ ಸರಿದು ಮಿಲ್ಲಿನ ಕೂಗು ಆಗುವ ತನಕ ಕೆತ್ತಿದ. ಅವಳು ಕದಲಲಿಲ್ಲ. ಕೊನೆಯ ಅಕ್ಷರದ ಪುಡಿ ಒರೆಸಿದಾಗ ಅವಳು ಎದ್ದು ಬಂದು ಅಂಗೈಯನ್ನು ಹೆಸರಿನ ಮೇಲೆ ಇಟ್ಟುಕೊಂಡು ನಿಂತಳು.

"ನಿನ್ನೆ ಬಕ್ಕೇಶನ ಕಾಗದ ಬಂತಂತಲ್ಲ."

"ಬಂತು."

"ಏನ್ ಬರದಾನೆ?"

"ಚೆನ್ನಾಗದೀನಿ ಅಂತ. ಯುದ್ಧ ನಿಂತ್ರೂ ಬಿಡುವು ಇಲ್ವಂತೆ. ಹೊಲದಾಗೆಲ್ಲ ಸಿಡಿಮದ್ದು ಹೂತಿಟ್ಟಾರಂತೆ. ಅದನ್ನ ತೆಗಿಯೋ ಕೆಲಸಕ್ಕೆ ಹಚ್ಚಾರಂತೆ."

"ಹೌದಾ."

ಅವಳು ಹೆಸರಿನ ಮೇಲಿಂದ ಕೈ ತೆಗೆದು, ಅದರ ಕೆಳಗೆ ಕಲ್ಲಿನ ಪಾದಕ್ಕೂ ಗೆರೆಗೂ ನಡುವೆ ಉಳಿದಿದ್ದ ಜಾಗಕ್ಕೆ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿದಳು. ನಾಲ್ಕೂ ಕೂತವು.

"ಇಲ್ಲೊಂದು ಗೆರೆ ಹಾಕು."

"ಬ್ಯಾಡ ಮಾರೆಮ್ಮ."

"ಹಾಕಣ್ಣ. ಆವಾಗ ನನಗೆ ಬೇಡ್ಕಳ್ಳೋಕೆ ಆಗ್ಲಿಲ್ಲ. ಈಗ ಬಕ್ಕೇಶನ ಸಲುವಾಗಿ ಬೇಡ್ಕೋತೀನಿ. ನನಗೆ ಇನ್ಯಾರು ಅದಾರೆ ಬೇಡ್ಕಳ್ಳೋಕೆ? ಕಣ್ಣ ಮುಂದೆ ಗೆರೆ ಇದ್ರೆ ಮರಿಯಾಕಿಲ್ಲ."

ಅವನು ಅವಳ ಮುಖ ನೋಡಿದ. ಅದರಲ್ಲಿ ಹಗೆ ಹುಡುಕಿದ, ಸಿಗಲಿಲ್ಲ. ಕರುಣೆ ಹುಡುಕಿದ, ಅದೂ ಸಿಗಲಿಲ್ಲ. ಇಲ್ಲ ಎನ್ನಬಹುದಿತ್ತು. ವರಾಂಡದಲ್ಲಿ ಸಾಹುಕಾರರಿದ್ದರು, ಅವರನ್ನು ಕರೆಯಬಹುದಿತ್ತು. ಆದರೆ ಅವಳ ಮಗನ ಹೆಸರಿನ ಪುಡಿ ಇನ್ನೂ ಅವನ ಅಂಗೈ ತುಂಬ ಇತ್ತು. ಅವನು ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ದಾರ ಅದ್ದಿದ. ಒಂದು ತುದಿ ತಾನು ಹಿಡಿದ, ಇನ್ನೊಂದು ತುದಿಯನ್ನು ಅವಳೇ ಕೈ ಚಾಚಿ ತೆಗೆದುಕೊಂಡಳು. ಮೀಟಿದ. ಕೆಂಪು ಗೆರೆ ಬಿತ್ತು.

"ಉಳಿಲೆ ಕೊರಿ. ಮಳಿ ಬಂದ್ರೆ ಹೋಗ್ತೈತೆ."

ಕೊರೆದ.

ಅವತ್ತಿನಿಂದ ಮಾರೆಮ್ಮ ಜಿನ್ನು ಬಿಟ್ಟ ಮೇಲೆ ದಿನಾ ಕ್ಲಬ್ಬಿನ ಅಂಗಳಕ್ಕೆ ಬಂದು ಕಲ್ಲಿನ ಮುಂದೆ ಕೂರತೊಡಗಿದಳು. ಹುತಾತ್ಮನ ತಾಯಿ ಎಂದು ಯಾರೂ ಏನೂ ಅನ್ನಲಿಲ್ಲ. ನಬೀ ಸಾಬ್ ಅವಳಿಗೊಂದು ಗೋಣಿಚೀಲ ಹಾಸಿ ಕೊಡುತ್ತಿದ್ದ. ಗೋಣೆಪ್ಪನ ಮನೆಗೆ ರೊಟ್ಟಿ ಬರುವುದು ನಿಂತಿತ್ತು. ಒಂದು ವಾರ ತಡೆದು, ಅವನು ಗೇಟಿನ ಹತ್ತಿರ ಹೋಗಿ ನಬೀ ಸಾಬ್‌ನನ್ನು ಕೇಳಿದ.

"ಏನಂತ ಬೇಡ್ಕೋತಾಳೆ ಅವಳು? ಗೆರೆ ಖಾಲಿ ಇರ್ಲಿ ಅಂತಾನಾ, ತುಂಬ್ಲಿ ಅಂತಾನಾ?"

"ನನಗೇನ್ ಗೊತ್ತಪ್ಪಾ. ತುಟಿ ಆಡ್ತಾವೆ, ದನಿ ಬರೋಲ್ಲ."

ಗೋಣೆಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗೋಣಿಚೀಲದ ಆಚೆ ತುದಿಯ ಹುಲ್ಲಿನ ಮೇಲೆ ಕೂತ. ಅವಳು ಕಣ್ಣು ಬಿಡಲಿಲ್ಲ. ಅವಳ ತುಟಿ ಆಡುತ್ತಲೇ ಇದ್ದವು. ಅವನೂ ಕೈ ಮುಗಿದು, ಅವಳ ತುಟಿಗಳನ್ನೇ ನೋಡುತ್ತಾ, ಬೇಡಿಕೊಳ್ಳಲು ಶುರುಮಾಡಿದ.